ಎಂಟುನೂರ ಇಪ್ಪತ್ತೈದು ಕೂಡಿಸಿ

ಕರಿಮೆಣಸಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಸಾರಿಗೆ ಎಷ್ಟು ಕಾಳು ಜಜ್ಜಿ ಹಾಕಬೇಕು ಎಂಬುದಷ್ಟೇ. ಅಂಥವಳು ಐವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಹದಿನೆಂಟು ದಿನ ತಿರುವನಂತಪುರದ ಒಂದು ಲೈಬ್ರರಿಯಲ್ಲಿ ಕುಳಿತು, ರಾಜರ ಆಳ್ವಿಕೆಯಲ್ಲಿ ಯಾವ ವರ್ಷ ಎಷ್ಟು ಮೆಣಸು ಸುಂಕದ ಕಟ್ಟೆ ದಾಟಿತು ಎಂದು ನಕಲು ಮಾಡಿದೆ. ಮೆಣಸೂ ನನ್ನದಲ್ಲ, ಪರೀಕ್ಷೆಯೂ ನನ್ನದಲ್ಲ. ಪರೀಕ್ಷೆ ನನ್ನ ಗಂಡನದು.

ಇವರು, ಅಂದರೆ ಮಹೇಶ್ವರ, ದಕ್ಷಿಣ ಕನ್ನಡದ ಒಂದು ಬ್ಯಾಂಕಿನಲ್ಲಿ, ಕೊಚ್ಚಿಯ ಮೆಣಸಿನ ಪೇಟೆ ಮಟ್ಟಾಂಚೇರಿಯ ಶಾಖೆಯಲ್ಲಿ ಗುಮಾಸ್ತರು. ಕಾಸರಗೋಡಿನಿಂದ ಇಲ್ಲಿಗೆ ವರ್ಗವಾಗಿ ಎರಡು ವರ್ಷವಾಗಿತ್ತು. ಬ್ಯಾಂಕಿನಲ್ಲಿ ಒಂದು ನಿಯಮವಿತ್ತು: ಅಕೌಂಟೆಂಟ್ ಆಗಬೇಕಾದರೆ ವಿಶ್ವವಿದ್ಯಾಲಯದ ವಾಣಿಜ್ಯ ಡಿಪ್ಲೊಮಾ ಬೇಕು, ಅದೂ ನಲವತ್ತು ತುಂಬುವುದರೊಳಗೆ. ಇವರಿಗೆ ಸೆಪ್ಟೆಂಬರಿನಲ್ಲಿ ನಲವತ್ತು ತುಂಬುತ್ತಿತ್ತು. ಎರಡು ವರ್ಷ ಸಂಜೆ ಸಂಜೆ ಬೋಟು ಹತ್ತಿ ಎರ್ನಾಕುಲಂಗೆ ಹೋಗಿ, ತರಗತಿಯಲ್ಲಿ ಅರ್ಧ ಕೇಳಿ ಅರ್ಧ ತೂಕಡಿಸಿ, ಲಿಖಿತ ಪರೀಕ್ಷೆಗಳನ್ನು ಹೇಗೋ ದಾಟಿದ್ದರು. ಉಳಿದದ್ದು ಒಂದು ಪ್ರಬಂಧ ಮತ್ತು ಅದರ ಮೇಲೆ ತಿರುವನಂತಪುರದಲ್ಲಿ ಮೌಖಿಕ ಪರೀಕ್ಷೆ. ಅದರಲ್ಲಿ ಬಿದ್ದರೆ ನಿವೃತ್ತಿಯ ತನಕ ಅದೇ ಸ್ಟೂಲು, ಅದೇ ಕೌಂಟರು.

ವಿಷಯ ಕೊಟ್ಟವರು ಇವರ ಪ್ರೊಫೆಸರ್ ರಾಮದಾಸ. "ಮಟ್ಟಾಂಚೇರಿಯಲ್ಲೇ ಕೂತಿದ್ದೀರಿ. ಮೆಣಸಿನ ಬೆಲೆಗೂ ಆವಕಕ್ಕೂ ಏನು ಸಂಬಂಧ ನೋಡಿ, ಹದಿನೈದು ವರ್ಷದ್ದು" ಎಂದರಂತೆ. ಬೆಲೆ ಸಿಗುವುದು ಸುಲಭವಿತ್ತು. ಎರ್ನಾಕುಲಂನ ಲೈಬ್ರರಿಯಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳ ಕಟ್ಟುಗಳಿದ್ದವು. ಅದರಲ್ಲಿ ವಾರವಾರ ಅಚ್ಚಾಗುತ್ತಿದ್ದ ಧಾರಣೆಯನ್ನು ಇವರು ಶನಿವಾರ ಮಧ್ಯಾಹ್ನಗಳಲ್ಲಿ ಬರೆದುಕೊಂಡರು. ತಿರುವಾಂಕೂರಿನ ಬೆಟ್ಟಗಳಿಂದ ಕೊಚ್ಚಿಗೆ ಇಳಿದ ಮೆಣಸಿನ ಲೆಕ್ಕ ಮಾತ್ರ ತಿರುವನಂತಪುರದಲ್ಲಿತ್ತು, ಹಳೆಯ ಸಂಸ್ಥಾನದ ಸುಂಕದ ಪಟ್ಟಿಗಳಲ್ಲಿ. ಅಲ್ಲಿ ಹೋಗಿ ಕೂರುವಷ್ಟು ರಜೆ ಇವರಿಗೆ ಇರಲಿಲ್ಲ.

"ನೀನು ಹೋಗ್ತೀಯಾ?" ಎಂದು ಒಂದು ಬೆಳಿಗ್ಗೆ ದೋಸೆ ತಿನ್ನುತ್ತ ಕೇಳಿದರು. "ಚಂದ್ರಾವತಿ ಮನೆ ಉಂಟಲ್ಲ ಅಲ್ಲಿ. ಬರೀ ನಕಲು ಮಾಡುದು ಮಾರಾಯ್ತಿ. ನಿನ್ನ ಅಕ್ಷರ ಚಂದ ಉಂಟು."

ಅಕ್ಷರ ಚಂದವಿತ್ತು, ನಿಜ. ಅದಲ್ಲದೆ ನಾನು ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದವಳು, ಗಣಿತದಲ್ಲಿ ಮೊದಲ ದರ್ಜೆ. ಆಮೇಲೆ ಮದುವೆ. ಹನ್ನೊಂದು ವರ್ಷದ ಸಂಸಾರದಲ್ಲಿ ಆ ದರ್ಜೆ ಅಗಸನಿಗೆ ಹಾಕಿದ ಬಟ್ಟೆ ಎಣಿಸುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬಂದಿರಲಿಲ್ಲ. ಹೋಗುತ್ತೇನೆ ಎಂದೆ. ಸಂತೋಷದಿಂದಲೇ ಎಂದೆ, ಅದನ್ನು ಈಗ ಮುಚ್ಚಿಡುವುದಿಲ್ಲ.

ಹೊರಡುವ ದಿನ ಇವರು ಬೋಟಿನ ಕಟ್ಟೆಯ ತನಕ ಬಂದು ಎರಡು ಮಾತು ಹೇಳಿದರು. ಒಂದು, ಪ್ರೊಫೆಸರು ಕೊಟ್ಟ ಪರಿಚಯ ಪತ್ರವನ್ನು ಕಳೆಯಬೇಡ. ಇನ್ನೊಂದು, "ಪಟ್ಟಿಯಲ್ಲಿ ಇಂಗ್ಲಿಷ್ ವರ್ಷ ಇರುದಿಲ್ಲ, ಈ ಮಲಯಾಳಿಗಳ ಕೊಲ್ಲಂ ವರ್ಷ ಇರುದು. ಎಂಟುನೂರ ಇಪ್ಪತ್ತೈದು ಕೂಡಿಸಿದರೆ ಆಯ್ತು."

ಎರ್ನಾಕುಲಂನಿಂದ ಕೊಲ್ಲಂ ತನಕ ರೈಲು ಹಳಿ ಪೂರ್ತಿ ಜೋಡಿಸಿದ್ದು ಆ ವರ್ಷವೇ. ಹೊಸ ಹಳಿ ಎಂದು ಎಲ್ಲರೂ ಹೊಗಳುತ್ತಿದ್ದರು; ನನಗೆ ಕಂಡದ್ದು ಹಳೆಯ ಹೊಗೆಯೇ. ಚಂದ್ರಾವತಿ ಇವರ ಚಿಕ್ಕಮ್ಮನ ಮಗಳು. ಅವಳ ಗಂಡನಿಗೆ ರಾಜ್ಯ ಒಂದಾದ ಮೇಲೆ ಸೆಕ್ರೆಟರಿಯೇಟಿನಲ್ಲಿ ಕನ್ನಡ ಕಾಗದಗಳನ್ನು ಅನುವಾದಿಸುವ ಕೆಲಸ. ಬಾಡಿಗೆ ಮನೆಯ ಮಾಳಿಗೆಯಲ್ಲಿ ಅವರು, ಕೆಳಗೆ ಮನೆಯ ಒಡತಿ ರಾಜೀವಿಯಮ್ಮ.

ಲೈಬ್ರರಿಯ ಬಾಗಿಲಲ್ಲಿ ಒಂದು ದಪ್ಪ ರಿಜಿಸ್ಟರ್ ಇತ್ತು. ಬಂದವರು ಹೆಸರು, ಊರು, ಬಂದ ಉದ್ದೇಶ ಬರೆದೇ ಒಳಗೆ ಹೋಗಬೇಕು. ನಾನು ಪೆನ್ನು ಹಿಡಿದು ನನ್ನ ಹೆಸರಿನ ಮೊದಲ ಅಕ್ಷರ ಬರೆಯುವಷ್ಟರಲ್ಲಿ ಅಲ್ಲಿಯ ಗುಮಾಸ್ತರು ಪತ್ರವನ್ನು ಓದಿ, ತಲೆ ಎತ್ತಿ, ಮಲಯಾಳದಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಪತ್ರ ಇರುವುದು ಮಹೇಶ್ವರ ಎಂಬವರಿಗೆ. ಪತ್ರದಲ್ಲಿ ಯಾರ ಹೆಸರಿದೆಯೋ ಅದೇ ಹೆಸರು ಪುಸ್ತಕದಲ್ಲಿಯೂ ಇರಬೇಕು. ನೀವು ಅವರ ಪರವಾಗಿ ಬಂದವರು. ಅವರೇನೂ ಕೆಟ್ಟವರಲ್ಲ, ಕುಡಿಯುವ ನೀರು ಎಲ್ಲಿದೆ ಎಂದು ಕೂಡ ತೋರಿಸಿಕೊಟ್ಟರು. ನಾನು ಬರೆದ ಅಕ್ಷರವನ್ನು ಹೊಡೆದುಹಾಕಿ "ಎನ್. ಮಹೇಶ್ವರ, ಮಟ್ಟಾಂಚೇರಿ, ಸಂಶೋಧನೆ" ಎಂದು ಬರೆದೆ. ಹದಿನೆಂಟು ದಿನವೂ ಹಾಗೆಯೇ ಬರೆದೆ. ಸೀರೆ ಉಟ್ಟ ಮಹೇಶ್ವರನನ್ನು ಅಲ್ಲಿ ಯಾರೂ ಕಂಡು ನಗಲಿಲ್ಲ.

ಅದು ದಣಿವಿನ ಕೆಲಸ. ಪಟ್ಟಿಗಳು ಉದ್ದುದ್ದ ಹಾಳೆಗಳ ಮೇಲೆ, ಸುಂಕದ ಕಟ್ಟೆಗಳ ಪ್ರಕಾರ, ಸಣ್ಣ ಇಂಗ್ಲಿಷ್ ಅಚ್ಚಿನಲ್ಲಿ. ಏಲಕ್ಕಿ, ಶುಂಠಿ, ಕೊಬ್ಬರಿ, ಹಗ್ಗ, ಇವುಗಳ ನಡುವೆ ಮೆಣಸಿನ ಸಾಲನ್ನು ಹುಡುಕಿ, ಪ್ರತಿ ಕಟ್ಟೆಯದ್ದನ್ನೂ ಬರೆದು, ಕೂಡಿಸಿ, ಕೊನೆಯ ಮೊತ್ತಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಹೊಂದದಿದ್ದರೆ ಮತ್ತೆ ಮೊದಲಿನಿಂದ. ಫ್ಯಾನಿನ ಗಾಳಿಗೆ ಹಾಳೆ ಹಾರುತ್ತದೆ ಎಂದು ಫ್ಯಾನು ಇಲ್ಲದ ಮೂಲೆಯಲ್ಲಿ ಕೂತೆ. ಮಧ್ಯಾಹ್ನ ಚಂದ್ರಾವತಿ ಕಟ್ಟಿಕೊಟ್ಟ ಮೊಸರನ್ನವನ್ನು ಮರದ ಕೆಳಗೆ ತಿಂದು, ಮುಖ ತೊಳೆದು, ಮತ್ತೆ ಅದೇ ಮೂಲೆ. ಸಂಜೆ ಹೊತ್ತಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಆದರೂ ಒಂದು ವರ್ಷದ ಮೊತ್ತ ಸರಿಹೊಂದಿದಾಗ ಆಗುತ್ತಿದ್ದ ಸುಖವನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಿದ್ದರು.

ನಾನು ಹೋದ ಮೂರನೆಯ ದಿನ ವಿಷು ಬಂತು. ಲೈಬ್ರರಿಗೆ ರಜೆ. ರಾಜೀವಿಯಮ್ಮ ಬೆಳಗಾಗುವ ಮುಂಚೆ ನಮ್ಮನ್ನು ಕಣ್ಣು ಮುಚ್ಚಿಸಿಕೊಂಡು ಕೆಳಗೆ ಕರೆದೊಯ್ದು ಕಣಿ ತೋರಿಸಿದರು. ಹಳದಿ ಕೊನ್ನೆ ಹೂವು, ಸೌತೆ, ಕನ್ನಡಿ, ಹೊಸ ಬಟ್ಟೆ. ಆಮೇಲೆ ಕೈಗೊಂದು ನಾಣ್ಯ ಇಟ್ಟು ತಲೆ ಮುಟ್ಟಿದರು. ನಮ್ಮ ಮನೆಯಲ್ಲಿಯೂ ಹೀಗೆಯೇ ಕಣಿ, ಹೀಗೆಯೇ ನಮಸ್ಕಾರ. ಅದಾದ ಮೇಲೆ ಅಪ್ಪ ಹೊಸ ಪಂಚಾಂಗ ಬಿಚ್ಚಿ ವರ್ಷದ ಮಳೆ ಬೆಳೆ ಓದುತ್ತಿದ್ದರು. ನಾನು ಹುಟ್ಟಿದ ಮೇಲೆ ವರ್ಷ ಎಂಬುದು ಹುಟ್ಟಿದ್ದೇ ವಿಷುವಿನಂದು. ಪರಸ್ಥಳದಲ್ಲಿ ಅಷ್ಟೊಂದು ನಮ್ಮದೇ ಆದ ಬೆಳಗು ಕಂಡು ನನಗೆ ಕಣ್ಣು ತುಂಬಿತು.

ಮರುದಿನ ಪಟ್ಟಿಯ ಮುಂದೆ ಕುಳಿತು ವರ್ಷಗಳನ್ನು ತಿರುಗಿಸಿದೆ. ಈಗ ನಡೆಯುವುದು ೧೧೩೩ ಎಂದು ಚಂದ್ರಾವತಿ ಹೇಳಿದ್ದಳು. ಎಂಟುನೂರ ಇಪ್ಪತ್ತೈದು ಕೂಡಿಸಿದರೆ ೧೯೫೮. ಇವರು ಹೇಳಿದ್ದು ಸರಿಯಾಗಿತ್ತು. ಹಾಗಾಗಿ ೧೧೧೦ರ ಎದುರು ನಾನು ೧೯೩೫ರ ವಿಷುವಿನಿಂದ ೧೯೩೬ರ ವಿಷುವಿನ ತನಕ ಎಂದು ಚಂದದ ಅಕ್ಷರದಲ್ಲಿ ಬರೆದೆ. ಒಂದಲ್ಲ, ಹದಿನೈದು ವರ್ಷಕ್ಕೂ ಹಾಗೆಯೇ ಬರೆದೆ. ವರ್ಷ ಯಾವಾಗ ಸುರುವಾಗುತ್ತದೆ ಎಂದು ಯಾರನ್ನೂ ಕೇಳಲಿಲ್ಲ. ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂದು ಯಾರಾದರೂ ಕೇಳುತ್ತಾರೆಯೇ?

ಮಟ್ಟಾಂಚೇರಿಗೆ ಮರಳಿದ ಮೇಲೆ ಇವರು ತಮ್ಮ ಬೆಲೆಯನ್ನೂ ನನ್ನ ಆವಕವನ್ನೂ ಒಂದೇ ಚೌಕುಳಿ ಹಾಳೆಯ ಮೇಲೆ ಗೆರೆಯಾಗಿ ಎಳೆದರು. ಎಳೆದವರು ಅಂಕಿಗಳ ಮೇಲೆ ಬೆರಳಿಟ್ಟು ಮತ್ತೊಮ್ಮೆ ಎಲ್ಲವನ್ನೂ ತಾಳೆ ನೋಡಿದರು.

"ಇಲ್ಲಿ ನೋಡು ಸುಮಿತ್ರ," ಎಂದರು ಆಮೇಲೆ. "ಮಾಲು ಹೆಚ್ಚು ಬಂದ ವರ್ಷ ಬೆಲೆ ಇಳಿದಿಲ್ಲ. ಅದರ ಹಿಂದಿನ ವರ್ಷವೇ ಇಳಿದಿದೆ. ಪ್ರತಿ ಸಲವೂ ಹಾಗೆ."

ನೋಡಿದೆ. ಹೌದು, ಹಾಗೆಯೇ ಇತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ, ಮೆಣಸು ಬರುವುದಕ್ಕೆ ಒಂದು ವರ್ಷ ಮೊದಲೇ ಬೆಲೆ ತಗ್ಗಿ ಕೂತಿತ್ತು. ಅಂದರೆ ಬೆಟ್ಟದಲ್ಲಿ ಬಳ್ಳಿ ಹೂ ಬಿಡುವ ಮೊದಲೇ ಇಲ್ಲಿಯ ವ್ಯಾಪಾರಿಗಳಿಗೆ ಬೆಳೆ ಎಷ್ಟೆಂದು ಗೊತ್ತಿತ್ತು ಎಂದಾಯಿತು. ಇವರ ಮುಖದಲ್ಲಿ ಅಂಥ ಬೆಳಕನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ವ್ಯಾಪಾರಿಗಳನ್ನೇ ಕೇಳೋಣವೆಂದು ಇವರು ಬ್ಯಾಂಕಿನ ಹಳೆಯ ಗಿರಾಕಿ ಕಮಲಾಕ್ಷ ಪೈಗಳನ್ನು ಒಂದು ಸಂಜೆ ಮನೆಗೆ ಕರೆದರು. ನಲವತ್ತು ವರ್ಷ ಮೆಣಸು ಮಾರಿ ಮೈಯೆಲ್ಲ ಅದರದೇ ವಾಸನೆಯಾದ ಮುದುಕರು. ಕಾಫಿ ಕುಡಿಯುತ್ತ ಎಲ್ಲ ಕೇಳಿಸಿಕೊಂಡರು.

"ಒಂದು ವರ್ಷ ಮೊದಲು ಗೊತ್ತಾಗುದಾ?" ಎಂದರು ತಮ್ಮ ಕೊಂಕಣಿ ಕಲೆತ ಕನ್ನಡದಲ್ಲಿ. "ಹಾಗೆ ಗೊತ್ತಾಗಿದ್ದರೆ ನಾನು ಇನ್ನೂ ಆ ಗೋದಾಮಿನಲ್ಲಿ ಸೀನುತ್ತಾ ಕೂತಿರ್ತಿದ್ದೆನಾ? ಮಾಲು ಬಂತು, ಬೆಲೆ ಇಳೀತು. ಮಾಲು ಇಲ್ಲ, ಏರಿತು. ಅಷ್ಟೇ ನಮ್ಮ ವಿದ್ಯೆ."

ಅವರು ಹೋದ ಮೇಲೆ ಇವರು ನಕ್ಕರು. ಅನುಭವಿ ವ್ಯಾಪಾರಿ ತನ್ನ ಗುಟ್ಟನ್ನು ಬಾಯಿಬಿಡುವನೇ ಎಂದರು. ನಾನೂ ನಕ್ಕೆ. ನಲವತ್ತು ವರ್ಷ ಮೆಣಸಿನ ಮೂಟೆಯ ಮೇಲೆ ಕೂತವರ ಮಾತಿಗಿಂತ ಹದಿನೆಂಟು ದಿನ ಕಾಗದದ ಮುಂದೆ ಕೂತ ನನ್ನ ಅಂಕಿಯೇ ದೊಡ್ಡದೆಂದು ನಂಬಿದೆ.

ಪ್ರೊಫೆಸರ್ ರಾಮದಾಸರಿಗಂತೂ ಬಹಳ ಖುಷಿಯಾಯಿತು. ಪ್ರಬಂಧದ ತಲೆಬರಹವನ್ನೇ ಬದಲಾಯಿಸಿ "ಮಟ್ಟಾಂಚೇರಿ ವ್ಯಾಪಾರಿಗಳ ಮುನ್ನರಿವು" ಎಂದು ಇಂಗ್ಲಿಷಿನಲ್ಲಿ ಇಡಿಸಿದರು. ಟೈಪು ಮಾಡಿಸಿ, ರಟ್ಟು ಹಾಕಿಸಿ, ಜೂನ್ ಕೊನೆಗೆ ಒಪ್ಪಿಸಿ ಆಯಿತು. ಒಪ್ಪಿಸುವ ಹಿಂದಿನ ದಿನ ನಾನು ಅದನ್ನು ಬಿಡಿಸಿ ನೋಡಿದೆ. ಮೊದಲ ಪುಟದಲ್ಲಿ ಕೃತಜ್ಞತೆಗಳಿದ್ದವು: ಪ್ರೊಫೆಸರಿಗೆ, ಬ್ಯಾಂಕಿನ ಶಾಖೆಯ ಮುಖ್ಯಸ್ಥರಾದ ಏಜೆಂಟರಿಗೆ, ಎರಡೂ ಲೈಬ್ರರಿಯವರಿಗೆ, ಟೈಪು ಮಾಡಿದ ಮಹನೀಯರಿಗೆ. ಎರಡು ಸಲ ಓದಿದೆ. ಇವರು ಬೇಕೆಂದು ಬಿಟ್ಟದ್ದಲ್ಲ, ಬರೆಯಬೇಕೆಂದು ಹೊಳೆದೇ ಇರಲಿಲ್ಲ. ಅನ್ನ ಮಾಡಿದವಳಿಗೆ ಯಾರು ಕೃತಜ್ಞತೆ ಬರೆಯುತ್ತಾರೆ? ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ಯಾರದು, ಬಾಯಿ ಯಾರದು ಎಂದು ಗಾದೆ ಹೇಳುವುದಿಲ್ಲ. ನನಗೆ ನೋವಾಯಿತು. ಪುಸ್ತಕ ಮುಚ್ಚಿ ಅಕ್ಕಿ ಆರಿಸಲು ಕೂತೆ.

ಮೌಖಿಕ ಪರೀಕ್ಷೆ ಆಗಸ್ಟ್ ಇಪ್ಪತ್ತೆರಡು, ಶುಕ್ರವಾರ ಎಂದು ಕಾಗದ ಬಂತು. ಪ್ರೊಫೆಸರು ಇನ್ನೆರಡು ವರ್ಷದ ಅಂಕಿ ಕೈಯಲ್ಲಿದ್ದರೆ ಒಳ್ಳೆಯದು, ಪರೀಕ್ಷಕರ ಬಾಯಿ ಮುಚ್ಚಿಸಬಹುದು ಎಂದರು. ಹೊಸ ಪರಿಚಯ ಪತ್ರ ಕೊಟ್ಟರು, ಅದೂ ಇವರ ಹೆಸರಿಗೆ. ನಾನು ಶನಿವಾರವೇ ಮುಂದಾಗಿ ಹೋಗುವುದು, ಇವರು ಗುರುವಾರ ಬರುವುದು ಎಂದಾಯಿತು.

ಭಾನುವಾರ ಬೆಳಿಗ್ಗೆ ನಾನೂ ಚಂದ್ರಾವತಿಯೂ ಇಡ್ಲಿ ಬೇಯಿಸುತ್ತಿದ್ದೆವು. ರಾಜೀವಿಯಮ್ಮ ಒದ್ದೆ ಕೂದಲಿಗೆ ತುಳಸಿ ಸಿಕ್ಕಿಸಿ, ಹಣೆಗೆ ಗಂಧ ಇಟ್ಟು, ಕೈಯಲ್ಲಿ ಪಾಯಸದ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಪುದುವರ್ಷಮಲ್ಲೇ ಮೋಳೇ," ಎಂದರು ನನ್ನನ್ನು ನೋಡಿ.

ಹೊಸ ವರ್ಷವಲ್ಲವೇ ಮಗಳೇ ಎಂದದ್ದು ನನಗೆ ಅರ್ಥವಾಯಿತು, ಆದರೂ ಆಗಲಿಲ್ಲ. "ಯಾರ ಹೊಸ ವರ್ಷ?" ಎಂದು ಚಂದ್ರಾವತಿಯನ್ನು ಕೇಳಿದೆ.

"ಇವರದ್ದೇ. ಇವತ್ತು ಚಿಂಗಂ ತಿಂಗಳ ಒಂದನೇ ತಾರೀಕಲ್ವಾ, ಇವರಿಗೆ ವರ್ಷ ಈಗ ಸುರು. ಸಾವಿರದ ನೂರ ಮೂವತ್ತನಾಲ್ಕು." ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆಯುತ್ತ ಹೇಳಿದಳು.

"ವಿಷು ಆಯಿತಲ್ಲ ಏಪ್ರಿಲಿನಲ್ಲಿ?"

ಚಂದ್ರಾವತಿ ಅದನ್ನು ಮಲಯಾಳದಲ್ಲಿ ಹೇಳಿದಾಗ ರಾಜೀವಿಯಮ್ಮ ಗಲ್ಲಕ್ಕೆ ಕೈ ಇಟ್ಟು ನಕ್ಕರು. "ವಿಷು ವಿಷುವಾಣು. ವರ್ಷಂ ಚಿಂಗತ್ತಿಲಾಣು."

ವಿಷು ವಿಷುವೇ, ವರ್ಷ ಮಾತ್ರ ಚಿಂಗಂನಲ್ಲಿ. ಅವರು ಕೆಳಗೆ ಹೋದರು. ನಾನು ಪಾಯಸದ ಚಮಚ ಹಿಡಿದು ನಿಂತೇ ಇದ್ದೆ. ೧೧೩೪ ಇಂದು ಹುಟ್ಟಿದರೆ ೧೧೩೩ ಹುಟ್ಟಿದ್ದು ಹೋದ ವರ್ಷದ ಆಗಸ್ಟಿನಲ್ಲಿ. ಹಾಗಾದರೆ ೧೧೧೦ ಹುಟ್ಟಿದ್ದು ೧೯೩೪ರ ಆಗಸ್ಟಿನಲ್ಲಿ, ನಾನು ಬರೆದಂತೆ ೧೯೩೫ರ ಏಪ್ರಿಲಿನಲ್ಲಲ್ಲ. ಮೆಣಸು ಕೊಯ್ಯುವುದು ಧನು, ಮಕರ ಮಾಸಗಳಲ್ಲಿ, ಜನವರಿಯ ಆಸುಪಾಸು. ಮೂವತ್ತೈದರ ಜನವರಿಯಲ್ಲಿ ಇಳಿದ ಬೆಳೆಯನ್ನು ನಾನು ಮೂವತ್ತಾರರ ಜನವರಿಗೆ ಬರೆದಿದ್ದೆ. ಹದಿನೈದು ವರ್ಷದ ಬೆಳೆಯನ್ನೂ ಒಂದೊಂದು ವರ್ಷ ಮುಂದಕ್ಕೆ ತಳ್ಳಿದ್ದೆ. ಪೆಟ್ಟಿಗೆಯಿಂದ ಚೌಕುಳಿ ಹಾಳೆ ತೆಗೆದು, ಆವಕದ ಗೆರೆಯನ್ನು ಬೇರೆ ಕಾಗದಕ್ಕೆ ಇಳಿಸಿ, ಒಂದು ಮನೆ ಹಿಂದಕ್ಕೆ ಸರಿಸಿ ಇಟ್ಟೆ. ಮಾಲು ಏರಿದ ಕಡೆ ಬೆಲೆ ಇಳಿದಿತ್ತು. ಮಾಲು ತಗ್ಗಿದ ಕಡೆ ಏರಿತ್ತು. ಕಮಲಾಕ್ಷ ಪೈಗಳು ಕಾಫಿ ಕುಡಿಯುತ್ತ ಹೇಳಿದ್ದೇ ಇತ್ತು, ಬೇರೇನೂ ಇರಲಿಲ್ಲ. ಮುನ್ನರಿವು ಇಲ್ಲ, ಗುಟ್ಟು ಇಲ್ಲ. ಬೀದಿ ಬದಿಯಲ್ಲಿ ಬಾಳೆಹಣ್ಣು ಮಾರುವವಳಿಗೂ ಗೊತ್ತಿರುವ ಸಂಗತಿಗೆ ರಟ್ಟು ಹಾಕಿಸಿದ್ದೆವು.

ಆ ದಿನವಿಡೀ ನನಗೆ ಭಯವಾಗಿತ್ತು. ಸುಮ್ಮನಿದ್ದುಬಿಡಲೇ ಎಂದೂ ಯೋಚಿಸಿದೆ. ಪ್ರೊಫೆಸರಿಗೇ ಗೊತ್ತಾಗದ್ದು ಇನ್ನು ಯಾರಿಗೆ ಗೊತ್ತಾಗುತ್ತದೆ? ಶುಕ್ರವಾರ ದಾಟಿದರೆ ಇವರು ಅಕೌಂಟೆಂಟ್. ಆದರೆ ಪರೀಕ್ಷಕರು ಈ ಊರಿನವರು, ಚಿಂಗಂ ಒಂದಕ್ಕೆ ಪಾಯಸ ಉಂಡೇ ಬೆಳೆದವರು. ಗೊತ್ತಾದರೆ ಇವರು ಅವರ ಮುಂದೆ ಬಾಯಿ ತೆರೆದುಕೊಂಡು ನಿಲ್ಲಬೇಕು, ಏಕೆ ಎಂದು ಕೂಡ ತಿಳಿಯದೆ.

ಸೋಮವಾರ ತಿಂಡಿಯನ್ನೂ ತಿನ್ನದೆ ಲೈಬ್ರರಿಗೆ ಹೋದೆ. ಬಾಗಿಲಲ್ಲಿ ನೋಡಿದರೆ ಪತ್ರ ಚೀಲದಲ್ಲಿಲ್ಲ, ಚಂದ್ರಾವತಿಯ ಮನೆಯಲ್ಲೇ ಉಳಿದಿತ್ತು. ಗುಮಾಸ್ತರು ನನ್ನ ಗುರುತು ಹಿಡಿದರು. ಪತ್ರ ಇಲ್ಲದಿದ್ದರೆ ಬೇಡ, ನಿಮ್ಮನ್ನು ಬಲ್ಲೆವಲ್ಲ, ನಿಮ್ಮ ಹೆಸರೇ ಬರೆಯಿರಿ ಎಂದರು. ನಾನು "ಸುಮಿತ್ರ, ಕಾಸರಗೋಡು" ಎಂದು ಬರೆದೆ. ಉದ್ದೇಶ ಎಂಬ ಕಡೆ ಸ್ವಲ್ಪ ನಿಂತು, "ತಪ್ಪು ಪರಿಶೀಲನೆ" ಎಂದು ಇಂಗ್ಲಿಷಿನಲ್ಲಿ ಬರೆದೆ. ಅವರು ಓದಲೂ ಇಲ್ಲ.

ಒಂದೊಂದು ವರ್ಷದ ಪಟ್ಟಿಯ ಪುಸ್ತಕದ ಕೊನೆಯಲ್ಲೂ ಮಡಚಿ ಇಟ್ಟ ಒಂದು ದೊಡ್ಡ ಹಾಳೆ ಇತ್ತು. ಮಲಯಾಳದಲ್ಲಿದ್ದುದರಿಂದ ಬೇಸಿಗೆಯಲ್ಲಿ ನಾನು ಅದನ್ನು ಬಿಡಿಸಿರಲಿಲ್ಲ. ಬೇಕಾದ ಮೊತ್ತ ಹಿಂದಿನ ಪುಟಗಳಲ್ಲೇ ಸಿಕ್ಕಿತ್ತು. ಈಗ ಬಿಡಿಸಿ ಅಕ್ಷರ ಅಕ್ಷರ ಕೂಡಿಸಿ ಓದಿದೆ. ಅದು ತಿಂಗಳವಾರು ಲೆಕ್ಕ. ಮೊದಲ ಕಾಲಂ ಚಿಂಗಂ, ಕೊನೆಯದು ಕರ್ಕಾಟಕ. ಹದಿನೆಂಟು ದಿನ ಈ ಹಾಳೆಗಳು ನನ್ನ ಮೊಣಕೈ ಕೆಳಗೇ ಇದ್ದವು. ಮೂರು ದಿನ ಕೂತು ಹದಿನೈದು ವರ್ಷವನ್ನೂ ತಿಂಗಳವಾರು ನೋಡಿ, ಹೊಸ ಪಟ್ಟಿ ಮಾಡಿದೆ. ಹೆಚ್ಚಿನ ಎರಡು ವರ್ಷವನ್ನೂ ಸೇರಿಸಿದೆ. ಮಂಗಳವಾರದಿಂದ ಪತ್ರ ಇತ್ತು, ಮತ್ತೆ ಮಹೇಶ್ವರ ಎಂದೇ ಬರೆದೆ.

ಗುರುವಾರ ಸಂಜೆ ಇವರು ತಂಬಾನೂರು ಸ್ಟೇಷನ್ನಿನಿಂದ ನಡೆದೇ ಬಂದರು. ಮುಖ ಹೊಗೆಯಿಂದ ಕಪ್ಪಾಗಿತ್ತು. ಕಾಫಿ ಕೊಟ್ಟು, ಮಾಳಿಗೆಯ ಜಗಲಿಯಲ್ಲಿ ಕೂರಿಸಿ, ಎಲ್ಲವನ್ನೂ ಹೇಳಿದೆ. ಎರಡು ಹಾಳೆಗಳನ್ನೂ ಮುಂದೆ ಇಟ್ಟೆ. ಇವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ಕೊನೆಯ ಪುಟ ನೋಡ್ಲಿಲ್ವಾ ನೀನು?" ಎಂದರು.

"ಇಲ್ಲ."

"ಎಂಟುನೂರ ಇಪ್ಪತ್ತೈದು ಅಂತ ನಾನೇ ಹೇಳಿದ್ದು ಅಲ್ವಾ?"

"ಅದು ಸರಿಯೇ. ವರ್ಷ ಸುರುವಾಗುದು ಯಾವಾಗ ಅಂತ ಕೇಳದ್ದು ನನ್ನ ತಪ್ಪು."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಬೈಯುವಷ್ಟು ತ್ರಾಣ ಇವರಲ್ಲಿ ಉಳಿದಿರಲಿಲ್ಲ. ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು, ಕಿವಿಯ ಬಳಿಯ ನರೆತ ಕೂದಲು ಆಗ ನನ್ನ ಕಣ್ಣಿಗೆ ಬಿತ್ತು. ಪಾಪ ಎನಿಸಿತು. ಹನ್ನೊಂದು ವರ್ಷದಲ್ಲಿ ಎಷ್ಟೋ ಸಲ ಸಿಟ್ಟು ಬಂದಿದೆ, ಆದರೆ ಆ ಸಂಜೆ ಪಾಪವೇ ಅನಿಸಿತು.

"ನಾಳೆ ಅವರು ಕೇಳುವ ಮುಂಚೆ ನೀವೇ ಹೇಳಿ," ಎಂದೆ. "ಅಂಕಿ ತೆಗೆದದ್ದು ನನ್ನ ಹೆಂಡತಿ, ತಪ್ಪು ಮಾಡಿದ್ದು ಅವಳು, ಹುಡುಕಿದ್ದೂ ಅವಳೇ ಅಂತ ಹೇಳಿ. ಹೊಸ ಪಟ್ಟಿ ಕೊಡಿ. ಹೆಂಡತಿಯ ತಪ್ಪಿಗೆ ಗಂಡನನ್ನು ಫೇಲು ಮಾಡ್ಲಿಕ್ಕಿಲ್ಲ."

"ನೋಡುವ," ಎಂದರು.

ಅದನ್ನು ಇವರನ್ನು ಉಳಿಸುವುದಕ್ಕಾಗಿ ಹೇಳಿದೆ ಎಂದರೆ ಅರ್ಧ ಸತ್ಯ. ಇನ್ನರ್ಧ ಬೇರೆ. ಆ ರಟ್ಟಿನ ಪುಸ್ತಕದಲ್ಲಿ ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಅದರಲ್ಲಿ ನನ್ನದು, ನನ್ನದೊಬ್ಬಳದೇ ಎನ್ನುವಂಥದ್ದು ಇದ್ದರೆ ಅದು ಆ ತಪ್ಪು. ವಿಷುವಿನ ಬೆಳಗಿನಿಂದ, ಅಪ್ಪನ ಪಂಚಾಂಗದಿಂದ, ನನ್ನೂರಿನಿಂದ ಹೊತ್ತು ತಂದ ತಪ್ಪು. ಪರೀಕ್ಷಕರ ಮುಂದೆ ಅದಾದರೂ ನನ್ನ ಹೆಸರಿನಲ್ಲಿ ಹೇಳಲ್ಪಡಲಿ ಎಂದು ನನಗೆ ಆಸೆಯಾಗಿತ್ತು.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಇವರು ಮೆಟ್ಟಿಲು ಹತ್ತಿ ಬರುವ ಸದ್ದಿನಲ್ಲೇ ಗೊತ್ತಾಯಿತು, ಪಾಸು. ಕೈಯಲ್ಲಿ ಕರಿದ ಬಾಳೆಕಾಯಿ ಉಪ್ಪೇರಿಯ ಪೊಟ್ಟಣ, ಎಣ್ಣೆ ಕಾಗದದ ಹೊರಗೆ ಬಂದಿತ್ತು. ಚಂದ್ರಾವತಿ ದೇವರಿಗೆ ದೀಪ ಹಚ್ಚಲು ಓಡಿದಳು. ಊಟಕ್ಕೆ ಕೂತ ಮೇಲೆ ಇವರು ನಡೆದದ್ದನ್ನು ಹೇಳಿದರು.

ಪರೀಕ್ಷಕರು ಮೂವರು. ನಡುವಿನ ಮುದುಕರ ಮುಂದೆ ಪ್ರಬಂಧ ಬಿಡಿಸಿತ್ತು, ವರ್ಷಗಳ ಕಾಲಂನಲ್ಲಿ ಪೆನ್ಸಿಲಿನ ಒಂದು ದೊಡ್ಡ ಪ್ರಶ್ನೆ ಚಿಹ್ನೆ. ದೂರದಿಂದಲೇ ಕಂಡಿತಂತೆ. ಅವರು ಬಾಯಿ ತೆರೆಯುವುದರೊಳಗೆ ಇವರು ಎದ್ದು ನಿಂತು, ಒಂದು ದೋಷ ಕಂಡಿದೆ, ಮೊದಲು ಅದನ್ನು ಹೇಳಲು ಅಪ್ಪಣೆ ಬೇಕು ಎಂದರು. ಹೊಸ ಪಟ್ಟಿ ಮುಂದಿಟ್ಟರು. ಪಕ್ಕದಲ್ಲಿ ಕೂತಿದ್ದ ಪ್ರೊಫೆಸರ್ ರಾಮದಾಸರ ಮುಖ ಸಪ್ಪಗಾಯಿತು. ಆದರೆ ಆ ಮುದುಕರು ತಿಂಗಳವಾರು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿ ಕನ್ನಡಕ ತೆಗೆದರಂತೆ.

"ಏನು ಹೇಳಿದರು ಗೊತ್ತುಂಟಾ?" ಇವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ಮೂವತ್ತು ವರ್ಷದಲ್ಲಿ ತಾನು ಕಟ್ಟಿದ್ದನ್ನು ತಾನೇ ಕೆಡವಿದ ವಿದ್ಯಾರ್ಥಿಯನ್ನು ನೋಡಿಲ್ಲ ಅಂದರು. ಮತ್ತೆ ಲೈಬ್ರರಿಗೆ ಹೋಗಿ ತಿಂಗಳು ತಿಂಗಳು ಪರಿಶೀಲನೆ ಮಾಡುವ ತಾಳ್ಮೆ ಯಾರಿಗುಂಟು ಅಂದರು. ಯಾವತ್ತು ಹೋದದ್ದು ಅಂತ ಕೇಳಿದರು. ಸೋಮವಾರ ಅಂದೆ."

ನಾನು ಸಾರು ಬಡಿಸುತ್ತಿದ್ದೆ. ಸೌಟು ಪಾತ್ರೆಯಲ್ಲೇ ಉಳಿಯಿತು. "ನಾನು ಅಂತ ಹೇಳ್ಲಿಲ್ವಾ?"

"ಹೇಗೆ ಹೇಳುದು ಸುಮಿತ್ರ? ಅಷ್ಟು ಜನ ಗಂಡಸರ ಮುಂದೆ ಹೆಂಡತಿಯ ಮೇಲೆ ತಪ್ಪು ಹೊರಿಸುದಾ? ನಿನ್ನ ಹೆಸರೇ ತೆಗೀಲಿಲ್ಲ ನಾನು. ಎಲ್ಲ ನನ್ನ ತಲೆಗೇ ಹಾಕಿಕೊಂಡೆ."

ಇವರ ಕಣ್ಣಿನಲ್ಲಿ ಸುಳ್ಳಿರಲಿಲ್ಲ. ನನ್ನನ್ನು ಕಾಪಾಡಿದೆ ಎಂದು ಮನಸಾರೆ ನಂಬಿದ್ದರು. ನಾನು ಸಂತೋಷಪಡುತ್ತೇನೆ ಎಂದು ಕಾಯುತ್ತಿದ್ದರು.

"ತಪ್ಪು ನಿಮ್ಮ ತಲೆಗೆ ಹಾಕಿಕೊಂಡಿರಿ, ಆಯ್ತು," ಎಂದೆ. "ಅದನ್ನು ಹುಡುಕಿದ್ದು?"

ಇವರು ಸ್ವಲ್ಪ ಯೋಚಿಸಿದರು. "ತಪ್ಪು ನಂದು ಅಂದ ಮೇಲೆ ಹುಡುಕಿದ್ದೂ ನಾನೇ ಅಂತ ಹೇಳ್ಬೇಕಾಯ್ತಲ್ಲ," ಎಂದರು. "ಎರಡೂ ಒಂದೇ ಅಲ್ವಾ?"

ನನಗೆ ಸುಸ್ತಾಗಿತ್ತು. ಹದಿನೆಂಟು ದಿನದ ಸುಸ್ತು, ಅದರ ಮೇಲೆ ಮೂರು ದಿನದ್ದು, ಅದರ ಹಿಂದಿನ ಹನ್ನೊಂದು ವರ್ಷದ್ದೂ ಇದ್ದಿರಬೇಕು. ನೆಲದ ಮೇಲೆ ಗೋಡೆಗೆ ಒರಗಿ ಕೂತೆ. ಇವರು ಪಾಸಾದದ್ದಕ್ಕೆ ನನಗೆ ಸಂತೋಷವಿತ್ತು, ನಿಜವಾಗಿಯೂ ಇತ್ತು. ಅದರ ಪಕ್ಕದಲ್ಲೇ ಇನ್ನೊಂದು ಕೂತಿತ್ತು, ಅದು ಏಳುವ ಹಾಗೆ ಕಾಣಲಿಲ್ಲ.

"ಸೋಮವಾರ ನಾನು ಪತ್ರ ಮರೆತು ಹೋಗಿದ್ದೆ," ಎಂದೆ. "ಲೈಬ್ರರಿಯ ರಿಜಿಸ್ಟರಿನಲ್ಲಿ ಆ ದಿನ ಮಹೇಶ್ವರ ಅಂತ ಇಲ್ಲ. ಸುಮಿತ್ರ, ಕಾಸರಗೋಡು, ತಪ್ಪು ಪರಿಶೀಲನೆ ಅಂತ ಉಂಟು."

ಇವರ ಕೈ ತಟ್ಟೆಯ ಮೇಲೆ ನಿಂತಿತು. ಒಂದು ಕ್ಷಣ ಬ್ಯಾಂಕಿನ ಗುಮಾಸ್ತ ಕಾಣಿಸಿದ, ತಾಳೆಯಾಗದ ಸಹಿ ನೋಡುವವನು. ಆಮೇಲೆ ಮುಖ ಸಡಿಲವಾಯಿತು.

"ಅದನ್ನು ಯಾರು ನೋಡ್ತಾರೆ?" ಎಂದರು.

"ಯಾರೂ ನೋಡುದಿಲ್ಲ," ಎಂದೆ. "ಆದ್ರೆ ಉಂಟು."

ಇವರು ಎಡಗೈಯಿಂದ ಉಪ್ಪೇರಿಯ ಪೊಟ್ಟಣವನ್ನು ನನ್ನ ಕಡೆಗೆ ಸರಿಸಿದರು. ನನಗೆ ಹಸಿವಾಗಿತ್ತು, ತಿಂದೆ.